ಹತ್ತು ಸೀಟಿನ ಲೈಸೆನ್ಸು ಮತ್ತು ಕಡೇ ಪಂಗತಿ

ನಾನು ಸಕ್ಕರೆ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ತಲೆ ಬೆಳ್ಳಗಾಗುವವರೆಗೆ ದುಡಿದು ನಿವೃತ್ತನಾದವನು. ಕಸಬರಿಗೆ ಕೊಳ್ಳುವುದಿದ್ದರೂ ಮೂರು ಕೊಟೇಶನ್ ತರಿಸಿ, ದರ ಹೋಲಿಸುವ ತುಲನಾ ಪತ್ರಕ ಬರೆದು, ಕಡಿಮೆ ದರದವನಿಗೆ ಆದೇಶ ಕೊಟ್ಟವನು. ಬಾಯ್ಲರಿನ ಬೋಲ್ಟಿನಿಂದ ಹಿಡಿದು ಸಾಹೇಬರ ಮೇಜಿನ ಮೇಲಿನ ಗಂಟೆಯವರೆಗೆ ನನ್ನ ಸಹಿ ಇಲ್ಲದೆ ಯಾವುದೂ ಗೇಟು ದಾಟಿ ಒಳಗೆ ಬಂದಿಲ್ಲ. ಹೀಗಿರುವಾಗ ಒಂದು ದಿನ ಹೆಂಡತಿ ಮಹಾನಂದಾ ಅಡುಗೆಮನೆಯಿಂದಲೇ ಕೂಗಿದಳು.

"ಏನ್ರೀ, ನಮ್ಮ ಆಪಿಗಿ ಲೈಸೆನ್ಸ್ ತಗೋಬೇಕಂತ. ಸಸ್ತಾದಾಗ ಛಲೋದು ಯಾವದದ ನೋಡಿ ತಗೊಂಡ ಬಿಡ್ರಿ."

ನಿವೃತ್ತಿಯ ನಂತರ ನನ್ನ ಮೇಜಿಗೆ ಬಂದ ಮೊದಲ ಖರೀದಿ! ನಾನು ಎದ್ದು ಹೋಗಿ ಮುಖ ತೊಳೆದುಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕೂತೆ.

ಮಹಾನಂದಾಳ ಉದ್ಯೋಗ ಯೇಸರದ್ದು. ಯೇಸರ ಎಂದರೆ ನಮ್ಮ ಕಡೆ ಮದುವೆ ಊಟದ ಆಮಟಿಗೆ, ಅಂದರೆ ಖಾರದ ಬೇಳೆಸಾರಿಗೆ ಹಾಕುವ, ಧಾನ್ಯ ಮತ್ತು ಮಸಾಲೆ ಹುರಿದು ಬೀಸಿದ ಪುಡಿ. ಲಗ್ನದಲ್ಲಿ ಬಂಗಾರ ಕಡಿಮೆ ಬಿದ್ದರೆ ಬೀಗರು ಹೇಗೋ ಸಮಾಧಾನ ಆಗುತ್ತಾರೆ. ಆಮಟಿಯಲ್ಲಿ ಯೇಸರ ಕಡಿಮೆ ಬಿದ್ದರೆ ಮೊಮ್ಮಕ್ಕಳ ಮದುವೆಯವರೆಗೆ ಆಡಿಕೊಳ್ಳುತ್ತಾರೆ. ಇವಳ ತಂಡದಲ್ಲಿ ಒಟ್ಟು ಆರು ಹೆಂಗಸರು. ನಮ್ಮ ನಿಲಂಗಾದಲ್ಲಿ ಇವಳು ಮತ್ತು ಪಕ್ಕದ ಮನೆಯ ಕಾಶೀಬಾಯಿ ಆರ್ಡರ್ ಹಿಡಿಯುತ್ತಾರೆ. ಉಮರ್ಗಾದಲ್ಲಿ ಸುನೀತಾ ಮತ್ತು ಅವಳ ಇಬ್ಬರು ನೆಗೆಣ್ಣಿಯರು ಹುರಿದು ಬೀಸುತ್ತಾರೆ. ಉದಗೀರದಲ್ಲಿ ಇವಳ ತಂಗಿ ರಾಜಶ್ರೀ ಮಾಲು ಇಟ್ಟುಕೊಂಡು, ಪ್ಯಾಕು ಮಾಡಿ, ಹೇಳಿದ ಮನೆಗೆ ಕಳಿಸುತ್ತಾಳೆ.

ಮೊದಲು ಎಲ್ಲವೂ ಫೋನಿನಲ್ಲೇ ನಡೆಯುತ್ತಿತ್ತು. ಕೂಗಾಡುವುದು, ಮರೆಯುವುದು, ಮತ್ತೆ ಕೂಗಾಡುವುದು. ತುರೋರಿಯ ಧಾಬಾದವನಿಗೆ ಒಂದೇ ಆರ್ಡರ್ ಎರಡು ಸಲ ಹೋಯಿತು; ಒಂದು ಮುಂಜಿಮನೆಗೆ ಹೋಗಲೇ ಇಲ್ಲ. ಅಷ್ಟರಲ್ಲಿ ಬಚತ್ ಗಟದ, ಅಂದರೆ ಹೆಂಗಸರ ಉಳಿತಾಯ ಗುಂಪಿನ ತರಬೇತಿಯಲ್ಲಿ ಮಹಾನಂದಾ ಹೊಸದೊಂದು ಕಲಿತು ಬಂದಳು. ಕೋಡು ಗೀಡು ಏನೂ ಬರೆಯುವುದು ಬೇಡ; ಮೊಬೈಲಿನಲ್ಲಿ ಡಬ್ಬಿಗಳನ್ನು ಎಳೆದೆಳೆದು ಜೋಡಿಸಿದರೆ ಆಪು ತಯಾರು. ಮಧ್ಯಾಹ್ನದ ಹೊತ್ತು ಕೂತು ಅವಳು ತನ್ನದೇ ಆಪು ಮಾಡಿಬಿಟ್ಟಳು. ಆರ್ಡರ್ ಬಂದರೆ ಉಮರ್ಗಾದವರು ನೋಡಿ 'ಮಂಜೂರು' ಗುಂಡಿ ಒತ್ತಬೇಕು. ಒತ್ತಿದರೆ 'ಇದನ್ನು ನಾವು ಮಾಡಿ ಕೊಡುತ್ತೇವೆ' ಎಂದು ಅರ್ಥ. ಮಂಜೂರಾದದ್ದನ್ನು ರಾಜಶ್ರೀ ಕಳಿಸಬೇಕು. ಇಷ್ಟೇ. ಕೂಗಾಟ ನಿಂತಿತು. ಮನೆಯಲ್ಲಿ ಎಷ್ಟು ಶಾಂತಿ ಎಂದರೆ ನನಗೇ ಬೇಸರ ಬಂತು.

ಈಗ ಪುಕ್ಕಟೆಯ ಅವಧಿ ಮುಗಿಯುತ್ತಿತ್ತು. ದುಡ್ಡು ಕೊಟ್ಟು ಲೈಸೆನ್ಸು ತೆಗೆದುಕೊಳ್ಳಬೇಕು. ಅದೂ ಎಂಥ ಹೊತ್ತಿನಲ್ಲಿ! ಉದಗೀರದ ಸಾವಕಾರ ಮಲ್ಲಿನಾಥಪ್ಪನವರ ಮಗಳ ಲಗ್ನಕ್ಕೆ ಯೇಸರ ಕೊಡುವ ಕೆಲಸ ಇವಳಿಗೆ ಸಿಕ್ಕಿತ್ತು. ನಿಲಂಗಾ ಬಸ್ ಸ್ಟ್ಯಾಂಡಿನ ಎದುರು ಸಾಲು ಅಂಗಡಿಗಳಿವೆಯಲ್ಲ, ಅವು ಇದೇ ಸಾವಕಾರರವು. ಅದರಲ್ಲಿ ಮೂಲೆಯ ಶಟರು ಖಾಲಿ ಬಿದ್ದಿತ್ತು. ಮಹಾನಂದಾಳಿಗೆ ಆ ಶಟರಿನ ಮೇಲೆ ಎಷ್ಟೋ ವರ್ಷಗಳ ಕಣ್ಣು. ತರಕಾರಿ ತರಲು ಹೋದಾಗಲೆಲ್ಲ ಅದರ ಮುಂದೆ ಒಂದು ಗಳಿಗೆ ನಿಂತು ಬರುತ್ತಿದ್ದಳು. ಬಾಡಿಗೆಗೆ ಕೇಳಿದಾಗ ಸಾವಕಾರರು ಹೇಳಿದ್ದು ಒಂದೇ ಮಾತು.

"ಮೊದಲ ನಮ್ಮ ಲಗ್ನದ ಆಮಟಿ ಆಗಲಿ ತಂಗಿ. ಹ್ಯಾಂಗ ಸಂಭಾಳಿಸ್ತಿ ನೋಡ್ತೀನಿ. ಆಮ್ಯಾಲ ಅಂಗಡಿ ಮಾತ."

ಅಂದರೆ ಆಮಟಿ ಕೆಟ್ಟರೆ ಅಂಗಡಿ ಇಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮುಂದಿನದೆಲ್ಲ ಮಾಡಿದೆ.

ಆ ಕಂಪನಿಯವರ ಹತ್ತಿರ ಎರಡು ತರದ ಲೈಸೆನ್ಸು ಇದ್ದವು. ಒಂದು ತಲೆ ಲೆಕ್ಕದ್ದು: ಎಷ್ಟು ಜನ ಕೆಲಸ ಮಾಡುತ್ತಾರೋ ಅಷ್ಟಕ್ಕೆ ದುಡ್ಡು. ಇನ್ನೊಂದು ತಂಡದ್ದು: ಹತ್ತು ಸೀಟು, ಒಂದೇ ದರ. ಆರು ಜನಕ್ಕೆ ತಲೆ ಲೆಕ್ಕವೇ ಅಗ್ಗ ಬೀಳುತ್ತಿತ್ತು. ಆದರೆ ನಾನು ಅಷ್ಟಕ್ಕೆ ಮರುಳಾಗುವ ಪೈಕಿಯೇ? ಹತ್ತು ಸೀಟಿಗೆ ಹಂಚಿ ನೋಡಿದೆ. ಸೀಟೊಂದಕ್ಕೆ ಬೀಳುವ ದರ ತಂಡದ್ದರಲ್ಲಿ ಕಡಿಮೆ! ತುಲನಾ ಪತ್ರಕದಲ್ಲಿ ಅದರ ಕೆಳಗೆ ಕೆಂಪು ಗೆರೆ ಎಳೆದೆ.

ಮೂರು ಕೊಟೇಶನ್ ಇಲ್ಲವಲ್ಲ ಎಂಬ ಕೊರಗು ಮಾತ್ರ ಉಳಿಯಿತು. ಚೌಕಾಶಿಯಾದರೂ ಆಗಲಿ ಎಂದು ಕಂಪನಿಯ ಪುಟದ ಮೂಲೆಯಲ್ಲಿದ್ದ ಮಾತಿನ ಕಿಟಕಿ ತೆರೆದು, "ನಿಮ್ಮ ಅಂತಿಮ ದರ ತಿಳಿಸಿರಿ," ಎಂದು ಬರೆದೆ. ದರ ಪುಟದಲ್ಲಿದೆ ಎಂದು ಉತ್ತರ ಬಂತು. "ಅದು ಎಲ್ಲರಿಗೂ ಹೇಳುವ ದರ. ನಮಗೆ ಹೇಳುವ ದರ ಯಾವುದು?" ಎಂದೆ. ದರ ಪುಟದಲ್ಲಿದೆ. "ಹೋಗಲಿ, ನಿಮ್ಮದೂ ಬೇಡ, ನಮ್ಮದೂ ಬೇಡ, ನಡುವೆ ಮುರಿಯೋಣ." ದರ ಪುಟದಲ್ಲಿದೆ. ಕಾರ್ಖಾನೆಗೆ ಗೋಣಿಚೀಲ ಪೂರೈಸುತ್ತಿದ್ದ ವ್ಯಾಪಾರಿಯೂ ಇಷ್ಟು ಗಟ್ಟಿ ಇರಲಿಲ್ಲ. ನಾನು ಹಳೆಯ ಅಸ್ತ್ರ ತೆಗೆದೆ: ಎದ್ದು ಹೋಗುವವನ ಹಾಗೆ ನಟಿಸಿ ಕಿಟಕಿ ಮುಚ್ಚಿದೆ. ಹಿಂದಿನಿಂದ ಯಾರೂ ಕರೆಯಲಿಲ್ಲ. ಅದು ಮನುಷ್ಯನಲ್ಲ, ಯಂತ್ರ ಎಂದು ಆಮೇಲೆ ಕಾಶೀಬಾಯಿ ಹೇಳಿದಳು.

"ಆರ ಮಂದಿಗಿ ಹತ್ತ ತಾಟ ಯಾಕರೀ?" ಎಂದಳು ಮಹಾನಂದಾ.

"ತಲಿಗಿ ಬೀಳೋ ದರ ನೋಡು! ನಿನಗ ಖರೀದಿ ತಿಳ್ಯಾಂಗಿಲ್ಲ."

"ಬರಂ," ಎಂದಳು. ನಮ್ಮ ಮನೆಯಲ್ಲಿ ಆ ಮರಾಠಿ 'ಬರಂ'ಗೆ 'ನಿಮ್ಮ ಹಣೆಬರಹ' ಎಂದು ಅರ್ಥ. ಅವಳಿಗೆ ಲಗ್ನದ ಗಡಿಬಿಡಿ ಇತ್ತು, ಒಳಗೆ ಹೋದಳು.

ಈಗ ಆರು ಹೆಂಗಸರು ಕೂತ ಮೇಲೆ ನಾಲ್ಕು ಸೀಟು ಖಾಲಿ ಉಳಿದವು. ದುಡ್ಡು ಕೊಟ್ಟ ಸೀಟು ಖಾಲಿ! ಖರೀದಿ ವಿಭಾಗದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಒಂದರಲ್ಲಿ ಮೇಲ್ವಿಚಾರಕನೆಂದು ನಾನೇ ಕೂತೆ. ಉಳಿದ ಮೂರಕ್ಕೆ ನಮ್ಮವರನ್ನೇ ಕರೆಯೋಣ ಎಂದುಕೊಂಡೆ. ಶಿರೂರ ಅನಂತಪಾಳದ ಮನ್ಮಥಪ್ಪ ಕಾಕಾ ನಮ್ಮ ಮನೆತನಕ್ಕೆ ಹಿರಿಯರು. ನಮ್ಮ ನಿಲಂಗಾದ ಕಲಾವತಿ ಅಕ್ಕ ನನ್ನ ಒಡಹುಟ್ಟಿದವಳು, ಬಿಗುಮಾನ ಬಹಳ. ದೇವಣಿಯ ವಿಶ್ವನಾಥ ನನ್ನ ಸಡ್ಡಕ. ಈ ಮೂವರಿಗೆ ಆಮಂತ್ರಣ ಕಳಿಸಿದೆ. ಕಂಪನಿಯ ಸಂದೇಶ ಬೋಳುಬೋಳಾಗಿತ್ತು: 'ನಿಮ್ಮನ್ನು ಈ ತಂಡಕ್ಕೆ ಆಮಂತ್ರಿಸಲಾಗಿದೆ.' ಆಮಂತ್ರಣ ಎಂದ ಮೇಲೆ ಅಷ್ಟಕ್ಕೆ ಬಿಡಲಾದೀತೇ? ನಾನು ಕೆಳಗೆ ನನ್ನ ಕೈಯಿಂದ ಸೇರಿಸಿದೆ: 'ಸಹಕುಟುಂಬ ಸಹಪರಿವಾರ ಆಗಮಿಸಬೇಕು.'

ಮರುದಿನವೇ ಕಾಕಾ ಎಸ್‌ಟಿ ಬಸ್ಸು ಹತ್ತಿ ಬಂದರು. ಬಿಳಿ ಟೋಪಿ ತೆಗೆಯದೆ, ನೀರೂ ಕುಡಿಯದೆ ಮೊಬೈಲು ನನ್ನ ಮೂಗಿಗೆ ಹಿಡಿದರು.

"ವೈಜನಾಥ, ಇದರಾಗ ಏನ್ ಬರದದ ಓದು."

ಓದಿದೆ. 'ಮನ್ಮಥಪ್ಪ: ದರ್ಶಕ' ಎಂದಿತ್ತು. ಅಂದರೆ ನೋಡಬಹುದು, ಮುಟ್ಟುವ ಹಾಗಿಲ್ಲ. ಹೊಸದಾಗಿ ಬಂದವರಿಗೆ ಅದು ತಾನಾಗಿಯೇ ಕೊಡುವ ದರ್ಜೆ.

"ದರ್ಶಕ! ನಾ ಏನ್ ತಮಾಶಾ ನೋಡ್ಲಾಕ ಬಂದೀನಾ? ಮನಿತನದಾಗ ನಾ ದೊಡ್ಡಂವ. ನಿನ್ನ ಹೆಂಡತಿ ಹೆಸರಿನ ಮುಂದ ಏನದ?"

"ಮಾಲಕ ಅಂತ ಅದ ಕಾಕಾ."

"ಹಾಂ!" ಎಂದು ಅವರು ಗೋಡೆಯ ಕಡೆ ತಿರುಗಿ ಕೂತರು.

ನನಗೂ ತಪ್ಪೆನಿಸಿತು. ನಮ್ಮಲ್ಲಿ ಹಿರಿಯರು ಇರುವಾಗ ಕಿರಿಯರ ಹೆಸರಿನಲ್ಲಿ ಏನಾದರೂ ಮಾಡಿದ್ದುಂಟೇ? ಮನೆಯ ಕರೆಂಟು ಬಿಲ್ಲು ಇವತ್ತಿಗೂ ತೀರಿಹೋದ ನಮ್ಮ ಅಜ್ಜನ ಹೆಸರಿಗೇ ಬರುತ್ತದೆ. ಅಜ್ಜ ಇದುವರೆಗೆ ತಕರಾರು ಮಾಡಿಲ್ಲ. ಆದರೆ ಆಪಿನಲ್ಲಿ ಮಾಲಕ ಒಬ್ಬರೇ ಇರಬೇಕಂತೆ. ಮಹಾನಂದಾ ಸ್ನಾನಕ್ಕೆ ಹೋದಾಗ ಅವಳ ಮೊಬೈಲು ತೆಗೆದು, ಮಾಲಕತ್ವ ಕಾಕಾನ ಹೆಸರಿಗೆ ದಾಟಿಸಿ, ಅವಳನ್ನು ಕೆಳಗಿನ ದರ್ಜೆಗೆ ಇಳಿಸಿದೆ. ಕಾಕಾ ಚಹಾ ಕುಡಿದರು, ಎರಡು ಸಲ.

"ಇದ ಹೌದು. ನಾ ಏನ್ ಮಾಡಬೇಕು ಈಗ?"

"ಏನೂ ಬ್ಯಾಡ ಕಾಕಾ. ಬರೇ ಮಾನ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಬಳಗದಲ್ಲಿ ಒಬ್ಬರ ಮನೆಗೆ ಆಮಂತ್ರಣ ಹೋಗಿ ಇನ್ನೊಬ್ಬರ ಮನೆಗೆ ಹೋಗದಿದ್ದರೆ ಏನಾಗುತ್ತದೆ ಎಂದು ಹೇಳಬೇಕೇ? ಔಸಾದ ಅತ್ಯಾ, ಅಂದರೆ ನಮ್ಮ ಸೋದರತ್ತೆ, ಫೋನು ಮಾಡಿ ಅತ್ತರು. ಅವರ ಮಗ ಮಾತು ಬಿಟ್ಟ. ಭಾಲ್ಕಿಯ ಬೀಗರು, "ಹೌದ್ರೀ, ನಾವು ಹೊರಗಿನವರು," ಎಂದು ಬಹಳ ಸಭ್ಯವಾಗಿ ಚುಚ್ಚಿದರು. ಮೂವರಿಗೂ ಸೀಟು ಬೇಕು. ಇದ್ದದ್ದು ಹತ್ತೇ, ಹತ್ತೂ ಭರ್ತಿ. ಹನ್ನೊಂದನೆಯವರು ಬಂದರೆ ಕಂಪನಿ ದೊಡ್ಡ ಲೈಸೆನ್ಸಿಗೆ ಹಾರಿಸುತ್ತದೆ. ಅಷ್ಟು ದುಡ್ಡು? ನನ್ನ ಹೆಣ ಬಿದ್ದರೂ ಇಲ್ಲ!

ಆಗ ನನಗೆ ಹೊಳೆದದ್ದು ಊಟದ ಪಂಗತಿಯ ನಿಯಮ. ಮನೆಯಲ್ಲಿ ಕಾರ್ಯವಾದರೆ ಬೀಗರು, ಬಿಜ್ಜರು, ಬಂದವರು ಮೊದಲ ಪಂಗತಿಗೆ. ಅಡುಗೆ ಮಾಡಿದ ಮನೆಯ ಹೆಂಗಸರು ಕಡೇ ಪಂಗತಿಗೆ. ಅವರು ನಮ್ಮವರು, ತಪ್ಪು ತಿಳಿಯುವುದಿಲ್ಲ. ತಲತಲಾಂತರದಿಂದ ನಡೆದು ಬಂದದ್ದು ಇದೇ. ಹಾಗೆಯೇ ಉಮರ್ಗಾದ ಸುನೀತಾ ಮತ್ತು ಅವಳ ನೆಗೆಣ್ಣಿಯರನ್ನು ಸ್ವಲ್ಪ ದಿನದ ಮಟ್ಟಿಗೆ ಏಳಿಸಿ, ಆ ಜಾಗದಲ್ಲಿ ಅತ್ಯಾ, ಅವರ ಮಗ ಮತ್ತು ಬೀಗರನ್ನು ಕೂಡಿಸಿದೆ. ಅತಿಥಿಗಳು ನೋಡಿ ತಣಿದ ಮೇಲೆ ಮನೆಯವರು ಮತ್ತೆ ಕೂತರಾಯಿತು. ಸುನೀತಾಳಿಗೆ ಫೋನು ಮಾಡಿ ತಿಳಿಸಬೇಕು ಎಂದುಕೊಂಡೆ. ಅಷ್ಟರಲ್ಲಿ ಊಟಕ್ಕೆ ಕರೆದರು, ಉಂಡು ಮಲಗಿದೆ.

ಇತ್ತ ಆಮಂತ್ರಿತರು 'ಸಹಕುಟುಂಬ ಸಹಪರಿವಾರ' ಎಂಬುದನ್ನು ಅಕ್ಷರಶಃ ತೆಗೆದುಕೊಂಡಿದ್ದರು. ಕರೆದವರ ಮನೆಗೆ ಹೋದರೆ ಉಣ್ಣಿಸದೆ ಕಳಿಸುವುದುಂಟೇ? ಕಾಕಾನ ಹಾಗೆ ಇವರೂ ಮುನಿಯಬಾರದೆಂದು ನಾನು ಎಲ್ಲರನ್ನೂ ದರ್ಶಕರಿಂದ ಆರ್ಡರ್ ಬರೆಯುವ ದರ್ಜೆಗೆ ಏರಿಸಿಯೂ ಇದ್ದೆ. ಆಪು ತೆರೆದರೆ 'ಏನು ಬೇಕು? ಎಷ್ಟು ಬೇಕು?' ಎಂಬ ಡಬ್ಬಿ. ಕಲಾವತಿ ಅಕ್ಕ ಅವಳ ಮನೆಗೆ ಬೇಕಾದಷ್ಟು ಬರೆದಳು, ಮಗಳ ಮನೆಗೂ ಬರೆದಳು. ಸಡ್ಡಕ ವಿಶ್ವನಾಥ ಅವನ ಆಫೀಸಿನವರಿಗೆಲ್ಲ ಹಂಚಲು ಬರೆದ. ಅತ್ಯಾ ಬರೆದರು, ಕಾಕಾ ಕೂಡ ಬರೆದರು. ಬೀಗರು ಮೊದಲು ಸಂಕೋಚ ಮಾಡಿ, ಆಮೇಲೆ ಎಲ್ಲರಿಗಿಂತ ಹೆಚ್ಚು ಬರೆದರು. ಮಂಜೂರು ಮಾಡಬೇಕಾದ ಉಮರ್ಗಾದವರು ಈಗ ತಂಡದಲ್ಲಿ ಇಲ್ಲವಾದ್ದರಿಂದ ಇವೆಲ್ಲ ಮಾಲಕರಾದ ಕಾಕಾನ ಮೊಬೈಲಿಗೆ ಹೋಗಿ 'ಟಿಣ್' ಎಂದವು. ಕಾಕಾ ಊರಲ್ಲಿ ನಾಲ್ಕು ಜನರ ನಡುವೆ ಕಟ್ಟೆಯ ಮೇಲೆ ಕೂತು, ಪ್ರತಿ ಟಿಣ್‌ಗೂ 'ಮಂಜೂರು' ಒತ್ತಿದರು. ಹಿರಿಯರ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನಬಾರದು ಎಂಬುದು ಅವರ ಭಾವ. ರಾಜಶ್ರೀ ಉದಗೀರದಲ್ಲಿದ್ದ ಮಾಲನ್ನೆಲ್ಲ ಪ್ಯಾಕು ಮಾಡಿ ಬಸ್ಸಿಗೆ ಹಾಕುತ್ತಲೇ ಇದ್ದಳು. ಮಾಲಕರು ಮಂಜೂರು ಮಾಡಿದ್ದನ್ನು ಅವಳ್ಯಾಕೆ ಕೇಳಬೇಕು?

ಇವುಗಳ ನಡುವೆಯೇ ಸಾವಕಾರರ ಲಗ್ನದ ಆರ್ಡರೂ ಟಿಣ್ ಎಂದಿತು. ಕಾಕಾ ಅದನ್ನೂ ಮಂಜೂರು ಮಾಡಿದರು. ಮಹಾನಂದಾ ನೋಡಿದಳು, ಮಂಜೂರಾಗಿದೆ. ಉಮರ್ಗಾದಲ್ಲಿ ಹುರಿಯಲು ಹತ್ತಿದ್ದಾರೆ ಎಂದು ನಿಶ್ಚಿಂತಳಾದಳು. ಕಾಶೀಬಾಯಿಯನ್ನು ಕರೆದುಕೊಂಡು ಹೋಗಿ ಶಟರಿನ ಮುಂದೆ ನಿಂತು, ಫಲಕ ಎಲ್ಲಿ ಹಾಕುವುದು ಎಂದೂ ಮಾತಾಡಿ ಬಂದಳು.

ಲಗ್ನದ ಹಿಂದಿನ ದಿನ ಬೆಳಿಗ್ಗೆ ರಾಜಶ್ರೀಯ ಫೋನು ಬಂತು.

"ಅಕ್ಕಾ, ಲಗ್ನದ ಮಾಲ ಇನ್ನಾ ಬಂದಿಲ್ಲಲ್ಲ. ನನ್ನ ಹಂತ್ಯಾಕ ಇದ್ದದ್ದೆಲ್ಲಾ ಖಾಲಿ ಆಗ್ಯದ."

"ಖಾಲಿ ಹ್ಯಾಂಗ ಆಯ್ತು?"

"ನಿಮ್ಮ ಮಂದಿಗೇ ಕಳಿಸೀನಲ್ಲ. ಮನ್ಮಥಪ್ಪ ಕಾಕಾ ಮಂಜೂರ ಮಾಡ್ಯಾರ."

ಮಹಾನಂದಾ ನನ್ನನ್ನು ನೋಡಿದಳು. ನಾನು ಪಂಚಾಂಗ ನೋಡಿದೆ. ಅವಳು ಉಮರ್ಗಾಕ್ಕೆ ಫೋನು ಹಚ್ಚಿ, ನನಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ಸುನೀತಾ, ಲಗ್ನದ ಯೇಸರ ಬಸ್ಸಿಗಿ ಹಾಕೀರಿಲ್ಲ?"

ಆ ಕಡೆಯಿಂದ ಸುನೀತಾಳ ನೊಂದ ದನಿ ಬಂತು.

"ಯಾವ ಲಗ್ನ ವೈನಿ? ನಮ್ಮ ಮೂರೂ ಮಂದೀನ ತೆಗದ ಹಾಕೀರಲ್ಲ. ಮೊಬೈಲ್‌ದಾಗ 'ನೀವು ಈ ತಂಡದಾಗ ಇಲ್ಲ' ಅಂತ ಬಂತು. ಏನ್ ತಪ್ಪ ಮಾಡೀವೋ ಅಂತ ಮೂರೂ ಮಂದಿ ವಿಚಾರ ಮಾಡಿ ಮಾಡಿ ಸಾಕಾಯ್ತು. ತೆಗದ ಹಾಕಿದಮ್ಯಾಲ ಫೋನ್ ಮಾಡಿ ಕೇಳೋದರೆ ಹ್ಯಾಂಗ?"

ನನಗೆ ಆ ಕ್ಷಣ ನೆಲ ಬಾಯಿ ತೆರೆದು ನುಂಗಬಾರದೇ ಅನ್ನಿಸಿತು. ತಪ್ಪು ತಿಳಿಯುವುದಿಲ್ಲ ಎಂದುಕೊಂಡವರೇ ಎಲ್ಲರಿಗಿಂತ ಹೆಚ್ಚು ನೊಂದಿದ್ದರು.

"ಏನ್ ಮಾಡೀರಿ ಖರೆ ಹೇಳ್ರಿ," ಎಂದಳು ಮಹಾನಂದಾ.

ನಾನು ಹೇಳಿದೆ. ಪಂಗತಿಯ ನಿಯಮವನ್ನೂ ವಿವರಿಸಿದೆ. ಅದನ್ನು ವಿವರಿಸದಿದ್ದರೆ ಚೆನ್ನಾಗಿತ್ತು.

"ಅಡಗಿ ಮಾಡೋರನ್ನ ಎಬ್ಬಿಸಿ ಬೀಗರನ್ನ ಕೂಡಿಸೀರಿ. ತಾಟನಾಗ ನೀಡೋರ ಯಾರು? ನಿಮ್ಮ ಕಾಕಾ?"

ಬೈಗುಳ ಮುಂದೆ ಬಹಳ ಇತ್ತು. ನಮ್ಮ ನೆರೆಹೊರೆಯವರು ಕೇಳಿದ್ದಾರೆ, ಇಲ್ಲಿ ಬರೆಯುವ ಅಗತ್ಯವಿಲ್ಲ. ಅವಳು ಸುನೀತಾಳ ಹತ್ತಿರ ನನ್ನ ಪರವಾಗಿ ತಪ್ಪೊಪ್ಪಿಕೊಂಡಳು. "ನಿನ್ನ ಬಿಟ್ಟ ನನ್ನ ಯೇಸರ ಅದ ಏನ ಹುಚ್ಚಿ?" ಎಂದು ಅವಳೂ ಅತ್ತಳು. ಆ ಕಡೆ ತಕ್ಷಣ ಬಾಣಲೆ ಒಲೆಗೇರಿತು. ಆದರೆ ಎಷ್ಟು ಹುರಿದರೂ ಗಿರಣಿಯಲ್ಲಿ ಬೀಸಿ ಬೆಳಗಾಗುವುದರೊಳಗೆ ಅರ್ಧ ಮಾತ್ರ ಆದೀತು ಎಂದರು. ಉಳಿದರ್ಧ?

"ಕೊಟ್ಟ ಮನಿಗೋಳಿಗಿ ಹೋಗಿ ತಿರುಗಿ ತಗೊಂಡ ಬರ್ರಿ," ಎಂದು ಹೆಂಡತಿ ನನ್ನ ಕೈಗೆ ಚೀಲ ಕೊಟ್ಟಳು. "ಒಡದ ಪಾಕೀಟ ಬ್ಯಾಡ. ಸೀಲ ಇದ್ದದ್ದಷ್ಟೇ."

ಬೀಗರ ಮನೆಗೆ ಹೋಗಿ ಕೊಟ್ಟದ್ದನ್ನು ವಾಪಸು ಕೇಳುವುದು! ನಮ್ಮ ಮನೆತನದಲ್ಲಿ ಯಾರೂ ಮಾಡದ ಸಾಧನೆ. ಭಾಲ್ಕಿಗೆ ಫೋನಿನಲ್ಲೇ ಕೇಳಿದೆ. ಬೀಗರು, "ತಗೊಂಡ ಹೋಗ್ರಿ, ನಮ್ಮ ಮನಿದೂ ನಾಲ್ಕ ಪಾಕೀಟ ಇಡ್ತೀವಿ," ಎಂದು ಉದಗೀರದ ಬಸ್ಸಿಗೆ ಹಾಕಿದರು. ಔಸಾದ ಅತ್ಯಾ ಮತ್ತೆ ಅತ್ತರು, ಆದರೆ ಬಸ್ಸಿಗೆ ಹಾಕಿದರು. ವಿಶ್ವನಾಥ ಆಗಲೇ ಆಫೀಸಿನಲ್ಲಿ ಹಂಚಿ, ಎಲ್ಲರಿಂದ ಹೊಗಳಿಸಿಕೊಂಡಿದ್ದ. ಕಲಾವತಿ ಅಕ್ಕನ ಮನೆ ಹತ್ತಿರವೇ ಎಂದು ನಾನೇ ಹೋದೆ.

"ಯೇಸರ? ಕಳಿಸಿದ್ದ ನೀನೇ, ಒಯ್ಲಾಕ ಬಂದಂವನೂ ನೀನೇ?"

"ತಪ್ಪಾಗ್ಯದ ಅಕ್ಕಾ."

"ಆಗಲಿ, ತಗೋ," ಎಂದು ಎರಡು ಪಾಕೀಟು ಚೀಲಕ್ಕೆ ಹಾಕಿದಳು. "ಮಗಳ ಮನಿದು ಮಾತ್ರ ಕೇಳಬ್ಯಾಡ. ಅಲ್ಲಿ ನನ್ನ ಮಾನ ಹೋಗ್ತದ."

ಸ್ಕೂಟರು ಹೊಡೆದುಕೊಂಡು ಶಿರೂರ ಅನಂತಪಾಳಕ್ಕೆ ಹೋದರೆ ಕಾಕಾ ಒಂದು ಪಾಕೀಟನ್ನೂ ಒಡೆದಿರಲಿಲ್ಲ. ದೇವರ ಮನೆಯ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದರು. ಎಲ್ಲವನ್ನೂ ಕೊಟ್ಟರು. ಕೊಟ್ಟು, ಟೋಪಿ ಸರಿ ಮಾಡಿಕೊಂಡು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು.

"ನೀವು ಎಲ್ಲಿಗಿ ಕಾಕಾ?"

"ಉದಗೀರಕ. ಮಾಲಕ ಇಲ್ಲದ ಮಾಲ ಹ್ಯಾಂಗ ಹೋಗ್ತದ? ಸಾವಕಾರಗ ನಾನೇ ಕೊಟ್ಟ ಬರ್ತೀನಿ. ನಡಿ, ಸಾವಕಾಶ ಹೊಡಿ."

ಮಂಗಲ ಕಾರ್ಯಾಲಯದ ಅಡುಗೆಮನೆ ಮುಟ್ಟಿದಾಗ ಸಾಯಂಕಾಲ. ಮಹಾನಂದಾ, ಕಾಶೀಬಾಯಿ, ರಾಜಶ್ರೀ ಮೂವರೂ ಅಲ್ಲೇ ನಿಂತಿದ್ದರು. ಸಾವಕಾರ ಮಲ್ಲಿನಾಥಪ್ಪನವರೂ ನಿಂತಿದ್ದರು, ಕೈಯಲ್ಲಿ ಮೊಬೈಲು. ಆರ್ಡರು ಮಂಜೂರಾದಾಗ ಆಪು ಅವರಿಗೆ ತಾನಾಗಿ ಕಳಿಸಿದ್ದ ಸಂದೇಶ ಅದರಲ್ಲಿತ್ತು.

"ಇದರಾಗ ಮಾಲಕ ಮನ್ಮಥಪ್ಪ ಅಂತ ಅದ. ಯಾರು ಮನ್ಮಥಪ್ಪ?"

ಕಾಕಾ ಎದೆ ಸೆಟೆಸಿ ಮುಂದೆ ಬಂದರು. "ನಾನೇ ಸಾವಕಾರ್ರ."

"ನೀವೇನು! ಮಂಜೂರ ಮಾಡೀನಿ ಅಂತ ಬರದ ಕೊಟ್ಟೀರಿ. ಮಾಲ ಎಲ್ಲದ? ನಾಳಿಗಿ ಬೀಗರ ಮುಂದ ನಾ ಏನ್ ನೀಡಲಿ, ನಿಮ್ಮ ಮೊಬೈಲಾ? ವಯಸ್ಸಾಗ್ಯದ, ಜವಾಬ್ದಾರಿ ಬ್ಯಾಡೇನು? ಇಂಥಾ ಧಂಧಾ ಯಾಕ ಮಾಡ್ತೀರಿ?"

ಕಾಕಾನನ್ನು ಹುಟ್ಟಿದಾಗಿನಿಂದ ಯಾರೂ ಹೀಗೆ ಮಾತಾಡಿಸಿರಲಿಲ್ಲ. ಅವರು ಮೆಲ್ಲಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ಸಾವಕಾರ್ರ, ನಾ ಬರೇ ದರ್ಶಕ ಇದ್ದೀನ್ರಿ," ಎಂದರು.

ಹೇಳಿ ಹಿಂದೆ ಸರಿದರು. ನಾನು ಅವರಿಗಿಂತ ಮೊದಲೇ ಸರಿದಿದ್ದೆ. ಆಗ ಮಹಾನಂದಾ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು.

"ಮಾಲಕಿ ನಾ ಇದ್ದೀನ್ರಿ. ತಪ್ಪ ನಮ್ಮ ಮನಿದೇ ಅದ, ಮುಚ್ಚಿಡಾಂಗಿಲ್ಲ. ಅರ್ಧ ಮಾಲ ಇಲ್ಲಿ ಬಂದದ. ಅರ್ಧ ಉಮರ್ಗಾದಾಗ ಹುರೀಲತ್ತಾರ. ನಾಳಿಗಿ ಆಮಟಿ ಕುದಿಯೋದ್ರಾಗ ಬರ್ತದ. ಬರಲಿಲ್ಲಂದ್ರ ಅಂಗಡಿ ಮಾತ ನಾ ಮತ್ತ ತೆಗ್ಯಾಂಗಿಲ್ಲ."

ಸಾವಕಾರರು ಅವಳನ್ನು ಒಮ್ಮೆ ನೋಡಿ ಮಂಟಪದ ಕಡೆ ಹೋದರು. ಅವಳು ಬಂದ ಪಾಕೀಟುಗಳನ್ನು ಎಣಿಸಲು ಕೂತಳು. ನನಗೆ ಆ ಮೂಲೆಯ ಶಟರು ನೆನಪಾಯಿತು. ಅದರ ಮುಂದೆ ಅವಳು ನಿಲ್ಲುತ್ತಿದ್ದ ರೀತಿ ನೆನಪಾಯಿತು. ಸೀಟಿನ ದರ ಕಡಿಮೆ ಎಂದು ಎಳೆದ ಕೆಂಪು ಗೆರೆಯೂ ನೆನಪಾಯಿತು.

ಮರುದಿನ ಅಕ್ಷತೆಗೆ ಜನ ಸೇರುವ ಹೊತ್ತಿಗೆ ಉಮರ್ಗಾದ ಬಸ್ಸು ಬಂತು. ಸುನೀತಾ ಮತ್ತು ಇಬ್ಬರು ನೆಗೆಣ್ಣಿಯರು ಡಬ್ಬಿ ಹೊತ್ತುಕೊಂಡು ಇಳಿದರು, ಮುಖಕ್ಕೆಲ್ಲ ಯೇಸರದ ಪುಡಿ. ನಾನು ಡಬ್ಬಿ ಹಿಡಿಯಲು ಕೈ ಚಾಚಿದೆ. "ಬ್ಯಾಡ್ರಿ ಭಾವೂಜಿ, ನೀವು ಮುಟ್ಟಬ್ಯಾಡ್ರಿ," ಎಂದಳು ಸುನೀತಾ. ಮಾತು ಗೌರವದ್ದೇ, ಆದರೆ ಡಬ್ಬಿ ಕೊಡಲಿಲ್ಲ.

ಆಮಟಿ ಕುದಿಯಿತು. ಘಮ ಮಂಟಪದವರೆಗೆ ಹೋಯಿತು. ಗಂಡಿನ ಕಡೆಯ ಹಿರಿಯರೊಬ್ಬರು ಮೂರನೆಯ ಸಲ ನೀಡಿಸಿಕೊಂಡರು ಎಂದು ಸುದ್ದಿ ಬಂದ ಮೇಲೆ ಸಾವಕಾರರು ಅಡುಗೆಮನೆಗೆ ಬಂದರು.

"ತಂಗಿ, ಅಂಗಡಿ ಕೀಲಿ ನಿಲಂಗಾದಾಗ ನಮ್ಮ ಮುನೀಮನ ಹಂತ್ಯಾಕ ಅದ, ತಗೋ. ಆದರ ಒಂದ ಶರ್ತ."

"ಹೇಳ್ರಿ."

ಅವರು ನನ್ನ ಕಡೆ ಬೆರಳು ತೋರಿಸಿದರು. "ಖರೀದಿ ಇವರ ಕೈಯಾಗ ಇರಬಾರದು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಕಾಕಾ ನಕ್ಕರು. ಮಹಾನಂದಾ ಮಾತ್ರ ನಗಲಿಲ್ಲ. "ಕಬೂಲ," ಎಂದಳು, ಗಂಭೀರವಾಗಿ.

ಆಮೇಲೆ ಸಾವಕಾರರು ಆರೂ ಹೆಂಗಸರನ್ನು ಕರೆದುಕೊಂಡು ಹೋಗಿ ಆಗಷ್ಟೇ ಕೂಡುತ್ತಿದ್ದ ಪಂಗತಿಯಲ್ಲಿ, ಬೀಗರ ಸಾಲಿನಲ್ಲಿ ಕೂಡಿಸಿದರು. ನಾನೂ ಹಿಂದಿನಿಂದ ಹೋಗಿ ಕೂಡಲು ಬಗ್ಗಿದೆ. ನೀಡುವವನು ಬುಟ್ಟಿ ಅಡ್ಡ ಹಿಡಿದ. "ಜಾಗಾ ಇಲ್ರೀ ಅಜ್ಜಾ, ಭರ್ತಿ ಆಗ್ಯದ. ಮನಿ ಮಂದಿ ಕೂಡ ಕೂಡ್ರಿ." ಹೀಗಾಗಿ ನಾನು ಕಡೇ ಪಂಗತಿಯಲ್ಲಿ, ಪಾತ್ರೆ ತಿಕ್ಕುವವರ ಸಪ್ಪಳದ ನಡುವೆ ಉಂಡೆ. ಅನ್ನ ಇತ್ತು. ಆಮಟಿ ಮುಗಿದಿತ್ತು.

ಊರಿಗೆ ಬಂದ ದಿನ ಮಹಾನಂದಾ ಹತ್ತು ಸೀಟಿನ ಲೈಸೆನ್ಸು ಕಿತ್ತು ಹಾಕಿ, ತಲೆ ಲೆಕ್ಕದ್ದನ್ನು ತೆಗೆದುಕೊಂಡಳು. ಬೇಳೆ ಕುದಿಯುವಷ್ಟರಲ್ಲಿ ಖರೀದಿ ಮುಗಿಯಿತು. ಒಂದು ಕೊಟೇಶನ್ನೂ ಇಲ್ಲ! ಕಾಕಾ ಮಾಲಕತ್ವ ಬಿಟ್ಟು ಕೊಡುವ ಗುಂಡಿಯನ್ನು ಮೂರು ಸಲ ಒತ್ತಿದರಂತೆ, ಒಂದು ಸಲಕ್ಕೆ ಹೋಗದಿದ್ದರೆ ಎಂಬ ಭಯಕ್ಕೆ. ನಾನು ಆ ತಲೆ ಲೆಕ್ಕದ ಲೈಸೆನ್ಸಿನ ಶರತ್ತುಗಳನ್ನು ಕುತೂಹಲಕ್ಕೆಂದು ಓದಿದೆ. ಕಡೆಯಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: 'ದರ್ಶಕರಿಗೆ ಶುಲ್ಕ ಇಲ್ಲ. ಎಷ್ಟು ಜನರನ್ನಾದರೂ ಸೇರಿಸಬಹುದು.' ಅಂದರೆ ಇಡೀ ಬಳಗವನ್ನು ಪುಕ್ಕಟೆ ಕೂಡಿಸಬಹುದಿತ್ತು. ನಾನು ತುಲನಾ ಪತ್ರಕವನ್ನು ಮಡಚಿ ಹಾಸಿಗೆಯ ಕೆಳಗೆ ಇಟ್ಟೆ.

ಈಗ ಬಸ್ ಸ್ಟ್ಯಾಂಡಿನ ಎದುರು ಮೂಲೆಯಲ್ಲಿ ಮಹಾನಂದಾಳ ಅಂಗಡಿ ಇದೆ. ಅಲ್ಲಿ ನನಗೊಂದು ಸ್ಟೂಲು ಇದೆ, ಮೊಬೈಲಿನಲ್ಲಿ ಒಂದು ದರ್ಜೆ ಇದೆ. ಮೊನ್ನೆ ಸುಮ್ಮನೆ ಕೂತು ಬೇಸರವಾಗಿ ಆರ್ಡರಿನ ಡಬ್ಬಿ ಒತ್ತಿದೆ. 'ನೀವು ದರ್ಶಕರು. ನಿಮಗೆ ಅನುಮತಿ ಇಲ್ಲ. ಮಾಲಕರನ್ನು ಸಂಪರ್ಕಿಸಿ,' ಎಂದು ಬಂತು. ಮಾಲಕರು ಎರಡು ಹೆಜ್ಜೆ ದೂರದಲ್ಲಿ ಗಿರಾಕಿಗೆ ಯೇಸರ ತೂಗುತ್ತಿದ್ದರು. ಸಂಪರ್ಕಿಸಿದೆ.

"ಏನ ಬೇಕಾಗಿತ್ತು?" ಎಂದಳು, ತಕ್ಕಡಿಯಿಂದ ಕಣ್ಣು ತೆಗೆಯದೆ.

"ಏನಿಲ್ಲ, ಒಂದ ಕಪ್ಪ ಚಹಾ."

"ಕೂಡ್ರಿ. ಇನ್ನಾ ಮಂಜೂರ ಆಗಿಲ್ಲ."